ತಾಳದ ಅಡಿಯ ಹನ್ನೊಂದು ಸೆಕೆಂಡು

ಶುರುವಾದದ್ದು ೨೦೦೬ ಫೆಬ್ರುವರಿ ೧೧, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಸ್ವೀಡನ್ನಿನ ವೆಸ್ಟೆರಾಸ್‌ನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಜಾಲರಿ ಬಾಗಿಲಿನ ಒಂದೊಂದು ಗೂಡು ಇದೆ. ಪೈಪು ಬದಲಿಸುವುದಿದೆ, ಎಲ್ಲರೂ ಖಾಲಿ ಮಾಡಿ ಎಂದು ನೋಟಿಸು ಅಂಟಿಸಿದ್ದರು. ಅಪ್ಪ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದರು; ನಮ್ಮ ಮನೆಯ ಸರದಿ ಒಂದರಿಂದ ನಾಲ್ಕರವರೆಗೆ. ನಾನು ಪೆಟ್ಟಿಗೆಗಳನ್ನು ಬಿಚ್ಚಿ ಒಳಗಿನದನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಿದ್ದೆ. ಹದಿಮೂರು ಪೆಟ್ಟಿಗೆ ಮುಗಿದಿತ್ತು. ಹದಿನಾಲ್ಕನೆಯದರಲ್ಲಿ ರೇಡಿಯೊ, ಟೇಪು ಎರಡೂ ಇದ್ದ ಅಪ್ಪನ ಹಳೆಯ ಟು-ಇನ್-ಒನ್, ಎರಡು ಸ್ಕ್ರೂಡ್ರೈವರ್, ಒಂದು ಪ್ರಾರ್ಥನೆ ಪುಸ್ತಕ ಮತ್ತು ಒಂದೇ ಒಂದು ಕ್ಯಾಸೆಟ್ ಇದ್ದವು.

ಕ್ಯಾಸೆಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದು ತಂಡದ ಹೆಸರು ಬರೆದಿತ್ತು. ನನಗೆ ಆ ಹೆಸರು ಗೊತ್ತಿತ್ತು. ನ್ಯೂಯಾರ್ಕಿನ ಹುಡುಗರು, ಡ್ರಮ್ ಬಾರಿಸುವ ಮನುಷ್ಯನ ಬದಲು ಡ್ರಮ್ ಯಂತ್ರವನ್ನು ಕೂರಿಸಿ, ಸಿಂಥಸೈಜರ್ ಇಟ್ಟು, ಮೇಲೆ ಮಾತಿನ ಓಟವನ್ನು ಓಡಿಸಿ ಹಿಪ್ ಹಾಪ್‌ಗೆ ಒಂದು ಹೊಸ ದಾರಿ ತೆರೆದ ಮೊದಲಿಗರಲ್ಲಿ ಅವರೂ ಸೇರಿದ್ದರು. ನನ್ನ ಕಾಲೇಜಿನ ಗೆಳೆಯರು ಅವರನ್ನು ಅಜ್ಜಂದಿರ ಹಾಗೆ ಗೌರವಿಸುತ್ತಿದ್ದರು. ಅಪ್ಪನ ಬಳಿ ಅವರ ಟೇಪೇ? ಅಪ್ಪ ವಾರಕ್ಕೊಮ್ಮೆ ಭಜನೆ ಕೇಳುವವರು, ಅದೂ ಕಾರಿನಲ್ಲಿ, ಅದೂ ಟ್ರಾಫಿಕ್ ಸುದ್ದಿ ಮುಗಿದ ಮೇಲೆ.

ಟು-ಇನ್-ಒನ್‌ಗೆ ಕರೆಂಟು ಕೊಟ್ಟು ಹಾಕಿದೆ. ಮೊದಲ ಹಾಡು ಏಳು ನಿಮಿಷ. ಯಂತ್ರದ ತಾಳ, ಅದರ ಮೇಲೆ ರೋಬಾಟಿನ ಧ್ವನಿ. ಮನುಷ್ಯ ಮೈಕಿನಲ್ಲಿ ಮಾತಾಡುತ್ತಾನೆ, ಯಂತ್ರ ಆ ಮಾತಿನ ಆಕಾರವನ್ನು ಮಾತ್ರ ಉಳಿಸಿಕೊಂಡು ಧ್ವನಿಯನ್ನು ತಾನು ಕೊಡುತ್ತದೆ. ಮಾತಿದೆ, ಆಡಿದವನಿಲ್ಲ. ಏಳು ನಿಮಿಷಕ್ಕೆ ಟಕ್ ಎಂದು ಒಂದು ಸದ್ದಾಗಿ ಅದೇ ತಂಡದ ಇನ್ನೊಂದು ಹಾಡು ಬಂತು, ರೇಡಿಯೊದಿಂದ ಹಿಡಿದದ್ದು. ಹದಿಮೂರನೆಯ ನಿಮಿಷದಲ್ಲಿ ಆ ಹಾಡು ಮುಗಿದು ಮುಂದಿನದು ಶುರುವಾಗುವ ಮೊದಲು ಎರಡು ಸೆಕೆಂಡು ಮೌನ. ಆ ಮೌನದಲ್ಲಿ, ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಹಾಗೆ, ಒಬ್ಬ ಹೆಂಗಸು ಹೇಳಿದಳು: "ಹಲ್ಲು ಬಂದಿದೆ ಮಾರಾಯ್ರೆ."

ಮತ್ತೆ ತಾಳ ಬಂದು ಮುಚ್ಚಿತು.

ನಾನು ಆರು ಸಲ ಹಿಂದೆ ಹಾಕಿ ಕೇಳಿದೆ. ಏಳನೆಯ ಸಲಕ್ಕೆ ಅಪ್ಪ ಮಡಿಸಿದ ಹಾಸಿಗೆ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಜಾಲರಿಯ ಆಚೆ ನಿಂತಿದ್ದರು.

"ಆಫ್ ಮಾಡು ಅದನ್ನ."

"ಯಾರಪ್ಪ ಇದು?"

"ಆಫ್ ಮಾಡು ಅಂದೆ ಅಲ್ವಾ." ಬಟ್ಟೆಗಳ ಮಡಿಕೆ ಸರಿಮಾಡಿಕೊಂಡು ಅವರೇ ಅಂದರು: "ನಿನ್ನ ಅಮ್ಮ."

ನನಗೆ ಆಗ ಇಪ್ಪತ್ತು ವರ್ಷ ಹನ್ನೊಂದು ತಿಂಗಳು. ಅಮ್ಮ ಹೋದಾಗ ಒಂದು ವರ್ಷ ಎರಡು ತಿಂಗಳು. ಅವಳ ಫೋಟೊ ಐದು ಇವೆ, ಒಂದರಲ್ಲಿ ಮುಖ ಅಲುಗಿದೆ. ಧ್ವನಿ ಎಲ್ಲಿಯೂ ಇಲ್ಲ ಎಂದೇ ನನಗೆ ಹೇಳಿದ್ದರು.

ಅಪ್ಪ ವಿವರ ಹೇಳಿದ್ದು ಮರುದಿನ, ಭಾನುವಾರ ಬೆಳಿಗ್ಗೆ, ದೋಸೆ ಹುಯ್ಯುತ್ತಾ. ನನ್ನ ಕಡೆ ನೋಡದೆ ಮಾತಾಡಬೇಕಾದಾಗ ಅವರು ಯಾವಾಗಲೂ ಒಲೆಯ ಮುಂದೆ ನಿಲ್ಲುತ್ತಾರೆ.

೧೯೮೬ರಲ್ಲಿ ಅವರು ಗಲ್ಫಿನ ದಮ್ಮಾಮ್‌ನಲ್ಲಿದ್ದರು. ಸ್ವೀಡನ್ನಿನ ಕಂಪನಿಯೊಂದು ಅಲ್ಲಿ ಸಬ್‌ಸ್ಟೇಷನ್ ಕಟ್ಟುತ್ತಿತ್ತು. ಮುಂದೆ ಅವರನ್ನು ಇಲ್ಲಿಗೆ ಕರೆಸಿಕೊಂಡದ್ದೂ ಅದೇ ಕಂಪನಿ. ಅಮ್ಮ ಉಡುಪಿಯ ಕಡೆ, ಅಪ್ಪನ ಮನೆಯಲ್ಲಿ, ನನ್ನನ್ನು ಇಟ್ಟುಕೊಂಡು ಇದ್ದಳು. ಕಾಗದ ಬಂದರೆ ಮನೆಯ ಜಗಲಿಯಲ್ಲಿ ಎಲ್ಲರ ಮುಂದೆ ಓದಬೇಕು. ಕಾಗದ ಹೋಗುವಾಗಲೂ ಅತ್ತೆ, ನಾದಿನಿ, ಮೈದುನ ಒಂದೊಂದು ಸಾಲು ಸೇರಿಸಬೇಕು. ಗಂಡ ಹೆಂಡಿರ ಮಾತು ಅದರಲ್ಲಿ ಹೋಗುವುದು ಹೇಗೆ? ಅದಕ್ಕೆ ಗಲ್ಫಿನವರ ಮನೆಗಳಲ್ಲಿ ಕ್ಯಾಸೆಟ್ ಶುರುವಾಯಿತು. ಮಾತನ್ನು ಟೇಪಿಗೆ ತುಂಬಿ, ರಜೆ ಮುಗಿಸಿ ವಾಪಸು ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು.

"ಆದರೆ ಒಯ್ಯುವವ ದಾರಿಯಲ್ಲಿ ಕೇಳಿಬಿಡ್ತಾನಲ್ಲ," ಅಂದರು ಅಪ್ಪ. "ಬೊಂಬಾಯಲ್ಲಿ ನಾಲ್ಕು ದಿನ ಕಾಯ್ಬೇಕು, ಹೊತ್ತು ಹೋಗೂದಿಲ್ಲ. ಮತ್ತೆ ಬಂದು ಕ್ಯಾಂಪಲ್ಲಿ ಎಲ್ಲರ ಎದುರು, 'ಹೌದಾ ಮಾರಾಯಾ, ನಿನ್ನ ಹೆಂಡತಿಗೆ ನಿನ್ನ ನೆನಪಲ್ಲಿ ನಿದ್ದೆಯೇ ಬರುದಿಲ್ಲವಂತೆ' ಅಂತ ತಮಾಷೆ. ಅದಕ್ಕೆ ಮೊದಲು ಒಂದು ಹಾಡು ಬಿಡೂದು. ಮೇಲೆ ಹಾಡಿನ ಹೆಸರೇ ಬರೆಯೂದು. ಸಿನಿಮಾ ಹಾಡಾದ್ರೆ ಅವ ಪೂರ್ತಿ ಕೇಳ್ತಾನೆ. ನಿನ್ನ ಅಮ್ಮ ಹುಷಾರು. ನಮ್ಮ ಮನೆಯಲ್ಲಿದ್ದ ಟೇಪುಗಳಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಸಹಿಸ್ಲಿಕ್ಕೆ ಆಗದ್ದನ್ನ ಹುಡುಕಿದ್ಳು."

ಆ ಟೇಪನ್ನು ಊರಿಗೆ ತಂದವರು ಅಪ್ಪನೇ. ಅವರ ಜೊತೆ ಒಂದೇ ಕೋಣೆಯಲ್ಲಿದ್ದ ಬೆಂಗಳೂರಿನ ಗೆಳೆಯ ಈ ತಂಡದ ಹುಚ್ಚ. ಒಂದು ಹಾಡನ್ನು ತುಂಬಿಸಿ ಕೊಟ್ಟಿದ್ದ. ಅಮ್ಮ ಆ ಹಾಡನ್ನು ಉಳಿಸಿಕೊಂಡು ಮುಂದಿನ ಖಾಲಿ ಜಾಗದಲ್ಲಿ ತನ್ನ ಮಾತು ತುಂಬಿದಳು.

ಟೇಪು ಕ್ಯಾಂಪಿಗೆ ಬಂದದ್ದು ಒಂದು ಮಂಗಳವಾರ. ಅಪ್ಪ ಹದಿನೈದನೆಯ ನಿಮಿಷದವರೆಗೆ ಕೇಳಿ ನಿಲ್ಲಿಸಿದರು. ಕ್ಯಾಂಪಿನಲ್ಲಿ ಯಾರೂ ಮನೆಯ ಟೇಪನ್ನು ಒಂದೇ ಸಲಕ್ಕೆ ಮುಗಿಸುತ್ತಿರಲಿಲ್ಲ. ಅರ್ಧವನ್ನು ಶುಕ್ರವಾರದ ರಜೆಗೆ ಇಟ್ಟುಕೊಳ್ಳುವುದು ಪದ್ಧತಿ. ಗುರುವಾರ ಸಂಜೆ ಅಪ್ಪ ಡ್ಯೂಟಿಯಲ್ಲಿದ್ದಾಗ ಗೆಳೆಯ ಟೇಪನ್ನು ನೋಡಿದ. ಮೇಲೆ ತನ್ನ ಮೆಚ್ಚಿನ ತಂಡದ ಹೆಸರು. ಏಳು ನಿಮಿಷದ ಹಾಡು, ಆಮೇಲೆ ಖಾಲಿ ಎಂದುಕೊಂಡ. ಅವತ್ತು ರೇಡಿಯೊದಲ್ಲಿ ಆ ತಂಡದ್ದೇ ಕಾರ್ಯಕ್ರಮ. ಶುಕ್ರವಾರ ಬೆಳಿಗ್ಗೆ ಅಪ್ಪ ಎದ್ದಾಗ ಅವನು ಅಂದನಂತೆ: "ಗುರು, ನಿನ್ನ ಟೇಪು ಅರ್ಧಂಬರ್ಧ ಇತ್ತು, ಫುಲ್ ಮಾಡಿಟ್ಟಿದ್ದೀನಿ ನೋಡು."

"ನೀವು ಏನಂದ್ರಿ?"

"ಥ್ಯಾಂಕ್ಸ್ ಅಂದೆ."

"ಅಷ್ಟೇನಾ?"

"ಮತ್ತೆಂತ ಹೇಳೂದು? ಪಾಪ, ಅವನಿಗೆ ಗೊತ್ತಿರ್ಲಿಲ್ಲ. ಗೊತ್ತಾದ್ರೆ ಆ ಮನುಷ್ಯ ಊಟ ಬಿಡ್ತಾನೆ."

ಇಲ್ಲಿಯವರೆಗೆ ಅದೊಂದು ದುಃಖದ ಕಥೆ, ಅಷ್ಟೇ. ಅಪ್ಪ ದೋಸೆ ಮಗುಚಿ ಮುಂದಿನದನ್ನು ಹೇಳಿದರು. ಟೇಪು ಅಳಿಸಿಹೋಯಿತು ಎಂದು ಅಮ್ಮನಿಗೆ ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ಪೂರ್ತಿ ಕೇಳಿದೆ, ಸಂತೋಷವಾಯಿತು ಎಂದು ಕಾಗದ ಬರೆದರು. ಅದಕ್ಕೆ ಅಮ್ಮನಿಂದ ಇನ್‌ಲ್ಯಾಂಡ್ ಕಾಗದದಂಥ ತೆಳ್ಳಗಿನ ಒಂದು ವಿದೇಶಿ ಅಂಚೆ ಕಾಗದ ಬಂತು. ಎಲ್ಲರ ಸಾಲುಗಳ ಕೆಳಗೆ ಅವಳದೊಂದು ಸಾಲು: ಕೊನೆಯಲ್ಲಿ ನಾನು ಕೇಳಿದ್ದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?

ಅಪ್ಪ ಉತ್ತರ ಬರೆದರು: ಒಪ್ಪಿಗೆ.

ಮೇ ತಿಂಗಳಲ್ಲಿ ಅಮ್ಮ ಕಾಮಾಲೆಯಿಂದ ತೀರಿಕೊಂಡಳು. ಅಪ್ಪ ಊರು ಮುಟ್ಟಿದ್ದು ಮೂರನೆಯ ದಿನ.

"ಯಾವುದಕ್ಕೆ ಒಪ್ಪಿದೆ ಅಂತ ನನಗೆ ಗೊತ್ತಿಲ್ಲ," ಅಂದರು. "ರಜೆಗೆ ಹೋದಾಗ ಬಾಯಿಬಿಟ್ಟು ಕೇಳಿದ್ರಾಯ್ತು ಅಂದ್ಕೊಂಡಿದ್ದೆ."

ಆ ದಿನದ ನನ್ನ ನೋಟ್‌ಬುಕ್ಕಿನಲ್ಲಿ ಏಳು ಸಾಲುಗಳ ಪಟ್ಟಿ ಇದೆ. ಅಪ್ಪ ಹೇಳಿದ್ದನ್ನು ನಾನು ಬರೆದುಕೊಂಡದ್ದು. ಮತ್ತೆ ಮದುವೆ ಆಗಲಿಲ್ಲ. ಅದನ್ನೇ ಕೇಳಿರಬಹುದು ಎಂದು. ಅಮ್ಮನ ತಂಗಿಯನ್ನು ನರ್ಸಿಂಗ್ ಓದಿಸಿದರು, ಅದೂ ಇರಬಹುದು. ಅಮ್ಮನ ತವರಿನ ಮನೆಗೆ ಬಾವಿ ತೋಡಿಸಿದರು. ಕುಡಿಯುವುದನ್ನು ಬಿಟ್ಟರು. ನನಗೆ ಹೊಲಿಗೆ ಕಲಿಸಿದರು. ನನ್ನನ್ನು ಎಂಜಿನಿಯರಿಂಗಿಗೆ ಹಾಕಿದರು. ಏಳನೆಯದು, ಒಂಬತ್ತು ವರ್ಷವಾದಾಗ ನನ್ನನ್ನು ಅಜ್ಜಿಯ ಮನೆಯಿಂದ ಬಿಡಿಸಿ ಇಲ್ಲಿಗೆ ಕರೆದುಕೊಂಡು ಬಂದರು. ಗೊತ್ತಿಲ್ಲದ ಒಂದು ಮಾತನ್ನು ನಡೆಸಲು ಅವರು ಇಪ್ಪತ್ತು ವರ್ಷ ಸಾಧ್ಯವಿದ್ದದ್ದನ್ನೆಲ್ಲ ನಡೆಸಿದ್ದರು. ನನ್ನ ಬಾಳಿನ ಅರ್ಧ ಭಾಗ ಅಪ್ಪನ ಊಹೆ ಎಂದು ಆ ಬೆಳಿಗ್ಗೆ ನನಗೆ ಗೊತ್ತಾಯಿತು.

ಅಪ್ಪ ಒಂದೇ ಷರತ್ತು ಹಾಕಿದರು. "ನೀನು ಎಂತ ಬೇಕಾದ್ರೂ ಮಾಡು. ಅವನ ಹತ್ರ ಮಾತ್ರ ಹೇಳ್ಬೇಡ."

ಅವನು ಎಂದರೆ ಅದೇ ಗೆಳೆಯ. ಅವರೂ ಅಪ್ಪನ ಜೊತೆಗೇ ವೆಸ್ಟೆರಾಸ್‌ಗೆ ಬಂದವರು, ಆಮೇಲೆ ಟೆಲಿಕಾಂ ಕೆಲಸ ಹಿಡಿದು ರಾಜಧಾನಿಯ ಕಿಸ್ಟಾಕ್ಕೆ ಹೋದರು. ನಾನು ಅಂಕಲ್ ಎನ್ನುತ್ತೇನೆ. ಪ್ರತಿ ಯುಗಾದಿಗೆ ನಮ್ಮ ಮನೆಗೆ ಒಬ್ಬಟ್ಟು ತರುವವರು, ನನಗೆ ಸೈಕಲ್ ಕಲಿಸಿದವರು.

ನಾನು ಕೆಲಸಕ್ಕೆ ಕೂತೆ. ಕ್ಯಾಂಪಿನಲ್ಲಿ ಅಂಕಲ್ ರೇಡಿಯೊ ಹಿಡಿದದ್ದೂ ಅಪ್ಪನ ಟು-ಇನ್-ಒನ್‌ನಲ್ಲೇ. ಆ ಟು-ಇನ್-ಒನ್‌ನಲ್ಲಿ ಹಳೆಯದನ್ನು ಅಳಿಸುವ ಹೆಡ್ಡು ಒಂದು ಕೂದಲೆಳೆಯಷ್ಟು ಕೆಳಗೆ ಜಾರಿತ್ತು. ಹೀಗಾಗಿ ಟೇಪಿನ ಮೇಲಂಚಿನಲ್ಲಿ ಹಳೆಯ ಧ್ವನಿಯ ತೆಳುವಾದ ಒಂದು ಪಟ್ಟಿ ಅಳಿಯದೆ ಉಳಿದಿತ್ತು. ಓದುವ ಹೆಡ್ಡನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಮೇಲಕ್ಕೆತ್ತಿದರೆ ಸಂಗೀತ ಸೊರಗಿ ಅಮ್ಮ ಹತ್ತಿರ ಬರುತ್ತಿದ್ದಳು, ಆದರೆ ಮಾತು ತಿಳಿಯುವಷ್ಟಲ್ಲ. ಮೇಲಿನ ಸಂಗೀತವನ್ನು ಕಳೆಯಬೇಕಿತ್ತು. ಅದೇ ರೆಕಾರ್ಡು ಸಿಕ್ಕರೆ ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿ, ಒಂದನ್ನು ಇನ್ನೊಂದರಿಂದ ಕಳೆಯಬಹುದು. ಉಳಿಯುವುದು ಅಮ್ಮ.

ಸಾಮಾನ್ಯ ಹಾಡಾಗಿದ್ದರೆ ಇದು ಆಗದ ಮಾತು. ಟೇಪು ಓಡುವ ವೇಗ ಏರಿಳಿಯುತ್ತದೆ, ಡ್ರಮ್ ಬಾರಿಸುವವನ ಕೈಯೂ ಏರಿಳಿಯುತ್ತದೆ. ಯಾವುದು ಯಾರ ತಪ್ಪು ಎಂದು ಬೇರ್ಪಡಿಸಲಾಗುವುದಿಲ್ಲ. ಆದರೆ ಈ ತಂಡ ತಾಳವನ್ನು ಯಂತ್ರಕ್ಕೆ ಕೊಟ್ಟಿತ್ತು. ನಿಮಿಷಕ್ಕೆ ನೂರ ಇಪ್ಪತ್ತೆಂಟು ಪೆಟ್ಟು, ಮೊದಲಿನಿಂದ ಕೊನೆಯವರೆಗೆ. ಎಲ್ಲಾದರೂ ಪೆಟ್ಟು ತಡವಾದರೆ ಅದು ಟೇಪಿನದೇ ತಡ. ಒಂದೊಂದು ಪೆಟ್ಟನ್ನು ಗಡಿಯಾರದ ಹಾಗೆ ಬಳಸಿ ಟೇಪಿನ ಓಟವನ್ನು ನೇರ ಮಾಡಬಹುದಿತ್ತು. ಆ ಹುಡುಗರು ಯಾವುದೋ ಬೀದಿಯ ಕುಣಿತಕ್ಕೆ ಹಾಕಿದ ತಾಳ ನನಗೆ ಅಮ್ಮನ ಕಡೆ ಇಳಿಯುವ ಮೆಟ್ಟಿಲಾಯಿತು.

ಫೆಬ್ರುವರಿ ೧೮ರಂದು ಹಳೆಯ ರೆಕಾರ್ಡುಗಳ ಅಂಗಡಿಗೆ ಹೋದೆ. ಅಂಗಡಿಯವರಿಗೆ ನಲವತ್ತರ ಆಸುಪಾಸು, ಬೋಳು ತಲೆ, ಕಾಲರಿನವರೆಗೆ ಗುಂಡಿ ಹಾಕಿದ ಅಂಗಿ. ಟೇಪಿನ ಪ್ರತಿಯನ್ನು ಹಾಕಿದ ಹತ್ತೇ ಸೆಕೆಂಡಿಗೆ ಅವರ ಭುಜ ತಾನಾಗಿ ಅಲುಗತೊಡಗಿತು.

"ಎಂಬತ್ತನಾಲ್ಕರಲ್ಲಿ ನಾವೆಲ್ಲ ರಟ್ಟು ಹಾಸಿಕೊಂಡು ಇದಕ್ಕೇ ಬೆನ್ನ ಮೇಲೆ ತಿರುಗುತ್ತಿದ್ದೆವು," ಎಂದರು ಸ್ವೀಡಿಷಿನಲ್ಲಿ. "ಈ ಸೊಂಟ ಅವತ್ತು ಹೋದದ್ದು, ಇನ್ನೂ ವಾಪಸು ಬಂದಿಲ್ಲ. ನಿನಗೆ ಯಾವ ಪ್ರತಿ ಬೇಕು? ಒಂದೇ ಹಾಡನ್ನು ಮೂರು ಮೂರು ಥರ ತಂದಿದ್ದಾರೆ."

ಅವರು ಮೂರು ರೆಕಾರ್ಡು ಹೊರಗೆ ತೆಗೆದರು. ಹೊದಿಕೆಯ ಮೇಲೆ ಬೆಳ್ಳಿ ಬಣ್ಣದ ಬಟ್ಟೆ, ಕಪ್ಪು ಕನ್ನಡಕ ಹಾಕಿಕೊಂಡ ಹುಡುಗರು ಬೇರೆ ಗ್ರಹದಿಂದ ಈಗ ಇಳಿದವರ ಹಾಗೆ ನಿಂತಿದ್ದರು. ಟೇಪನ್ನೂ ರೆಕಾರ್ಡನ್ನೂ ಜೊತೆಯಾಗಿ ಓಡಿಸಿದೆವು. ರೇಡಿಯೊದಿಂದ ಹಿಡಿದ ಮೊದಲ ಎರಡು ಹಾಡುಗಳಿಗೆ ಪ್ರತಿ ಸಿಕ್ಕಿತು. ಕೊನೆಯ ಹಾಡಿನಲ್ಲಿ, ಇಪ್ಪತ್ತೈದನೆಯ ನಿಮಿಷ ದಾಟಿದ ಮೇಲೆ, ಟೇಪು ಬೇರೆ ದಾರಿ ಹಿಡಿಯಿತು. ಹಾಡು ನಿಂತು ತಾಳ ಮಾತ್ರ ಉಳಿಯುವ ಜಾಗ ರೆಕಾರ್ಡಿನಲ್ಲಿ ಬೇಗ ಮುಗಿಯಿತು. ಟೇಪಿನಲ್ಲಿ ಮುಗಿಯಲೇ ಇಲ್ಲ.

ಅಂಗಡಿಯವರು ಸೂಜಿ ಎತ್ತಿದರು. "ಇದು ರೆಕಾರ್ಡಲ್ಲ. ಯಾರೋ ರೇಡಿಯೊದಲ್ಲಿ ಕೂತು ಎರಡು ಪ್ರತಿ ಇಟ್ಟುಕೊಂಡು ಕೈಯಲ್ಲಿ ಉದ್ದ ಮಾಡಿದ್ದಾನೆ. ಒಂದು ಓಡುವಾಗ ಇನ್ನೊಂದನ್ನು ಹಿಂದಕ್ಕೆ ತಿರುಗಿಸುತ್ತಾನೆ. ಕೇಳು, ಇಲ್ಲಿ ಅವನ ಬೆರಳು. ಇಲ್ಲಿ ಮತ್ತೆ."

"ಇದು ಎಲ್ಲಿ ಸಿಗುತ್ತೆ?"

"ಎಲ್ಲಿಯೂ ಇಲ್ಲ. ಅವನು ಒಂದು ಸಲ ಮಾಡಿದ, ಮುಗಿಯಿತು. ಅವತ್ತು ಯಾರಾದರೂ ಟೇಪಿಗೆ ಹಿಡಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ."

ಐದು ವಾರ ನಾನು ಸಿಕ್ಕ ಎರಡು ಹಾಡುಗಳ ಅಡಿಯಲ್ಲಿದ್ದದ್ದನ್ನು ಬಿಡಿಸಿದೆ. ಕಾಲೇಜು ಬಿಟ್ಟು ಬಂದ ಮೇಲೆ ದಿನಕ್ಕೆ ಎರಡು ಗಂಟೆ. ಮಾರ್ಚ್ ೨೪ರ ಲೆಕ್ಕ ಹೀಗಿದೆ: ಪೂರ್ತಿ ತಿಳಿದ ಪದ ಅರವತ್ತಮೂರು, ಅರ್ಧ ತಿಳಿದದ್ದು ನೂರ ಹದಿನೆಂಟು, ಕೆಮ್ಮು ನಾಲ್ಕು, ನಗು ಎರಡು. ಒಂದು ಕಡೆ ಮಗು ಅಳುತ್ತದೆ. ಅದು ನಾನು. ರೋಬಾಟಿನ ಧ್ವನಿಯನ್ನು ತೆಗೆದಲ್ಲೆಲ್ಲ ಅದರ ಒಂದು ಕಲೆ ಉಳಿಯುತ್ತಿತ್ತು, ಅಮ್ಮನ ಮಾತಿನ ಅಂಚಿಗೆ ಲೋಹದ ಬಣ್ಣ ಬಡಿದ ಹಾಗೆ. ಹೆಡ್‌ಫೋನ್ ತೆಗೆದಿಟ್ಟು ಬಸ್ಸಿಗೆ ನಿಂತಾಗಲೂ ಆ ತಾಳ ಕಾಲಿನಲ್ಲಿ ಉಳಿಯುತ್ತಿತ್ತು. ಅದರ ಅಡಿಯಿಂದ ಯಾರಾದರೂ ಮಾತಾಡುತ್ತಾರೇನೋ ಎಂದು ನಾನು ಬೀದಿಯಲ್ಲಿ, ತರಗತಿಯಲ್ಲಿ, ಲಿಫ್ಟಿನಲ್ಲಿ ಉಸಿರು ಹಿಡಿದು ಕೇಳಿಸಿಕೊಳ್ಳತೊಡಗಿದೆ. ಅಪ್ಪ ಕರೆದದ್ದು ಕೇಳುತ್ತಿರಲಿಲ್ಲ.

ಅಮ್ಮ ಹೇಳಿದ್ದೆಲ್ಲ ಮನೆಯ ಮಾತು. ಹಲ್ಲು, ಬಸ್ಸು, ನಾದಿನಿಯ ಸೀರೆ, ಹೊಲಿಗೆ ಮಿಷನ್ನಿನ ಬೆಲ್ಟು. "ಕೊನೆಯಲ್ಲಿ ಕೇಳಿದ್ದು" ಕೊನೆಯಲ್ಲಿಯೇ ಇರಬೇಕು. ಅಂದರೆ ಆ ರೇಡಿಯೊದವನ ಕೈಕೆಳಗೆ.

ಆ ಕಾರ್ಯಕ್ರಮವನ್ನು ಟೇಪಿಗೆ ಹಿಡಿದವರಲ್ಲಿ ಒಬ್ಬರನ್ನು ಮಾತ್ರ ನಾನು ಬಲ್ಲೆ.

ಮಾರ್ಚ್ ೨೫, ಶನಿವಾರ, ಹನ್ನೊಂದೂವರೆಗೆ ಕಿಸ್ಟಾದಲ್ಲಿ ಮೆಟ್ರೊ ಇಳಿದೆ. ಅಂಕಲ್ ಒಬ್ಬರೇ ಇದ್ದರು. ಕಾಲೇಜಿನಲ್ಲಿ ಈ ತಂಡದ ಬಗ್ಗೆ ಒಂದು ಪ್ರಾಜೆಕ್ಟು, ಯಂತ್ರದ ತಾಳದ ಬಗ್ಗೆ ಎಂದು ಸುಳ್ಳು ಹೇಳಿದೆ. ಅವರು ಕಾಫಿ ಸೋಸುತ್ತಿದ್ದವರು ನಿಂತರು.

"ಯಾವ ತಂಡ ಅಂದೆ?"

ಮತ್ತೆ ಹೇಳಿದೆ.

"ಅದೆಲ್ಲ ಹಳೇದು ಕಣಮ್ಮ. ನಾನು ಕೇಳೋದು ಬಿಟ್ಟು ಇಪ್ಪತ್ತು ವರ್ಷ ಆಯ್ತು."

"ಅಪ್ಪ ಹೇಳ್ತಿದ್ರು, ನಿಮಗೆ ಹುಚ್ಚು ಅಂತ. ಟವೆಲ್ ಕಟ್ಕೊಂಡು ರೋಬಾಟ್ ಥರ ನಡೀತಿದ್ರಂತೆ."

"ನಡೀತಿದ್ದೆ." ಅವರು ನಗಲಿಲ್ಲ. "ಇನ್ನೇನು ಹೇಳ್ದ ನಿಮ್ಮಪ್ಪ?"

ನಾನು ಅಪ್ಪನ ಷರತ್ತು ಮುರಿಯಲಿಲ್ಲ. ಒಂದು ರೇಡಿಯೊ ಕಾರ್ಯಕ್ರಮ ಇತ್ತಂತಲ್ಲ, ಅದರ ಟೇಪು ನಿಮ್ಮ ಬಳಿ ಬೇರೆ ಇದೆಯಾ ಎಂದಷ್ಟೇ ಕೇಳಿದೆ. ಅಂಕಲ್ ಲೋಟವನ್ನು ಸಿಂಕಿನಲ್ಲಿಟ್ಟು ನನ್ನ ಎದುರಿನ ಕುರ್ಚಿಗೆ ಬಂದು ಕೂತರು.

"ಆ ಟೇಪು ಇನ್ನೂ ಇದೆಯಾ? ಅವನು ಎಸೀಲಿಲ್ವಾ?"

"ಇಲ್ಲ ಅಂಕಲ್."

"ಅದರಲ್ಲಿ ಏನಿತ್ತು ಅಂತ ನಿಂಗೊತ್ತಾ?"

ನನ್ನ ಮುಖವೇ ಹೇಳಿಬಿಟ್ಟಿತೆಂದು ಕಾಣುತ್ತದೆ.

"ನಂಗೂ ಗೊತ್ತಮ್ಮ," ಅಂದರು. "ಅವತ್ತೇ ಗೊತ್ತಾಯ್ತು."

ಅವರು ಹೇಳಿದ್ದು ಇದು. ಕಾರ್ಯಕ್ರಮ ತೈಲ ಕಂಪನಿಯೊಂದರ ಕಾಲೊನಿಯ ಇಂಗ್ಲಿಷ್ ರೇಡಿಯೊದಲ್ಲಿ ಬಂತು. ಶುರುವಾಗಲು ಐದು ನಿಮಿಷ ಇರುವಾಗ ಖಾಲಿ ಟೇಪು ಹುಡುಕಿದರು; ನಮಾಜಿನ ಹೊತ್ತು, ಅಂಗಡಿಗಳು ಮುಚ್ಚಿದ್ದವು. ಅಪ್ಪನ ದಿಂಬಿನ ಪಕ್ಕ ತಾವೇ ತುಂಬಿಸಿ ಕೊಟ್ಟಿದ್ದ ಟೇಪು ಕಂಡಿತು. ಹಾಡು ಮುಗಿಯುವಲ್ಲಿಗೆ ತಂದು, ಮುಂದೇನಿದೆ ಎಂದು ಕೇಳದೆ ಒತ್ತಿದರು. ಕಾರ್ಯಕ್ರಮ ಇಪ್ಪತ್ತೆಂಟನೆಯ ನಿಮಿಷಕ್ಕೆ ಮುಗಿಯಿತು. ಸರಿಯಾಗಿ ಹಿಡಿದಿದೆಯೇ ಎಂದು ಕೊನೆಯನ್ನು ಹಾಕಿ ನೋಡಿದರು. ಸಂಗೀತ ನಿಂತು ಮಾತಿನ ನಡುವಿನಿಂದ ಒಬ್ಬ ಹೆಂಗಸು ಶುರುವಾದಳು.

"ಐವತ್ತು ಸೆಕೆಂಡು. ನಾನು ಪೂರ್ತಿ ಕೇಳ್ದೆ. ಕೇಳಬಾರದಿತ್ತು. ಆಮೇಲೆ..." ಅವರು ಮೇಜಿನ ಮೇಲಿನ ಕಾಫಿ ಕಲೆಯನ್ನು ಬೆರಳಿನಿಂದ ಉಜ್ಜಿದರು. "ಆಮೇಲೆ ಅದನ್ನೂ ಅಳಿಸ್ದೆ. ಬಾಲ ಇದ್ರೆ ಅವನಿಗೆ ಗೊತ್ತಾಗುತ್ತೆ ನಾನೇ ಹಾಳು ಮಾಡಿದ್ದು ಅಂತ. ಬಾಲ ಇಲ್ದಿದ್ರೆ, ಊರಿಂದ ಬರೋವಾಗ್ಲೇ ಯಾರೋ ಟೇಪು ಬದಲಾಯಿಸಿದ್ದಾರೆ ಅಂದ್ಕೋತಾನೆ. ಅವನು ಆಗ್ಲೇ ಅರ್ಧ ಕೇಳಿದ್ದ ಅಂತ ನನಗೇನು ಗೊತ್ತು? ಬೆಳಿಗ್ಗೆ ಜೋಕ್ ಮಾಡ್ದೆ. ಅವನು ಥ್ಯಾಂಕ್ಸ್ ಅಂದ. ಆ ಥ್ಯಾಂಕ್ಸ್ ಇದೆಯಲ್ಲ..."

ಅವರು ಎದ್ದು ಸಿಂಕಿನಲ್ಲಿಟ್ಟ ಲೋಟ ತೊಳೆದು ಮತ್ತೆ ಬಂದು ಕೂತರು.

"ಐವತ್ತು ಸೆಕೆಂಡಲ್ಲಿ ಏನಿತ್ತು ಅಂಕಲ್?"

ಅವರು ತಕ್ಷಣ ಹೇಳಿದರು, ಕಲಿತ ಪಾಠದ ಹಾಗೆ, ಕಣ್ಣು ಮುಚ್ಚಿ. ಇಪ್ಪತ್ತು ವರ್ಷದಿಂದ ದಿನಾ ಸ್ನಾನ ಮಾಡುವಾಗ ಒಂದು ಸಲ ಹೇಳಿಕೊಳ್ಳುತ್ತಾರಂತೆ, ಮರೆತರೆ ಜಗತ್ತಿನಲ್ಲಿ ಅದು ಇನ್ನೆಲ್ಲೂ ಇರುವುದಿಲ್ಲವೆಂದು. "ಅಷ್ಟೇ ರೀ. ಇದನ್ನ ಕಾಗದದಲ್ಲಿ ಬರೆಯೋಕಾಗಲ್ಲ. ನಿಮಗೆ ಒಪ್ಪಿಗೆ ಇದ್ರೆ ಒಪ್ಪಿಗೆ ಅಂತ ಒಂದು ಮಾತು ಬರೀರಿ, ಯಾವುದಕ್ಕೆ ಅಂತ ಬರೀಬೇಡಿ, ಎಲ್ರೂ ಓದ್ತಾರೆ. ಒಪ್ಪಿಗೆ ಇಲ್ದಿದ್ರೆ ಏನೂ ಬರೀಬೇಡಿ, ನಾನು ಅರ್ಥ ಮಾಡ್ಕೋತೀನಿ. ಬೇಜಾರಿಲ್ಲ. ಮಗು ಎದ್ದಿದೆ. ಅತ್ತೆ ಬರ್ತಿದ್ದಾರೆ. ಇಡ್ತೀನಿ."

ಅಮ್ಮ 'ರೀ' ಎನ್ನುವವಳಲ್ಲ. ಇಪ್ಪತ್ತು ವರ್ಷ ಅಂಕಲ್ ಬಾಯಲ್ಲಿ ಉಳಿದು ಅವಳ ಮಾತು ಬೆಂಗಳೂರಿನದಾಗಿತ್ತು. ಆದರೂ ಮಾತು ಅವಳದೇ. ನಾನು ಎರಡು ಸಲ ಹೇಳಿಸಿ ಬರೆದುಕೊಂಡೆ.

"ಏನು ಕೇಳಿದ್ಲು ಅಂತ ಮಾತ್ರ ನನಗೆ ಗೊತ್ತಿಲ್ಲ," ಅಂದರು. "ಅದರ ಹಿಂದಿನ ಮಾತದು. ಅದರ ಮೇಲೆ ಹಾಡಿತ್ತು."

ವಾಪಸು ರೈಲಿನಲ್ಲಿ ನಾನು ಒಂದು ಲೆಕ್ಕ ಹಾಕಿದೆ. ಒಪ್ಪಿಗೆ ಇಲ್ಲದಿದ್ದರೆ ಏನೂ ಬರೆಯಬೇಡಿ ಎಂದಿದ್ದಳು. ಅಪ್ಪ ನಿಜ ಹೇಳಲು ಮನಸ್ಸಾಗದೆ ಪೂರ್ತಿ ಕೇಳಿದೆ ಎಂದಷ್ಟೇ ಬರೆದರು, ಒಪ್ಪಿಗೆ ಎಂದು ಬರೆಯಲಿಲ್ಲ. ಅದು ಅವಳಿಗೆ ಇಲ್ಲ ಎಂದು ಮುಟ್ಟಿತು. ಆದರೂ ತಾಳಲಾರದೆ ಎಲ್ಲರೂ ಓದುವ ಕಾಗದದಲ್ಲಿ ಇನ್ನೊಂದು ಸಲ ಕೇಳಿದಳು. ಅಷ್ಟು ಬೇಕಾಗಿತ್ತು ಅವಳಿಗೆ ಅದು, ಏನೇ ಆಗಿರಲಿ.

ಮನೆಗೆ ಬಂದು ಆ ಕೊನೆಯ ಐವತ್ತು ಸೆಕೆಂಡನ್ನು ಹಾಕಿದೆ. ಅಲ್ಲಿ ಸಂಗೀತವಿಲ್ಲ, ಅಂಕಲ್ ಮೈಕು ತೆರೆದು ಕೋಣೆಯ ಮೌನವನ್ನೇ ತುಂಬಿದ್ದರು. ಏಸಿಯ ಗುಂಯ್‌ಗುಡುವಿಕೆ, ಇಪ್ಪತ್ತೈದು ವರ್ಷದ ಹುಡುಗನೊಬ್ಬನ ಉಸಿರಾಟ. ಅದರ ಕೆಳಗೆ ಅಮ್ಮ. ಪದಗಳು ಹೆಚ್ಚುಕಡಿಮೆ ಅಂಕಲ್ ಹೇಳಿದಂತೆಯೇ ಬಂದವು. 'ಬೇಜಾರಿಲ್ಲ' ಎನ್ನುವ ಮೊದಲು ಅವಳು ಸಣ್ಣಗೆ ನಕ್ಕಿದ್ದಳು. ಅದನ್ನು ಅಂಕಲ್ ಹೇಳಿರಲಿಲ್ಲ.

ಮತ್ತೆ ಎರಡು ವಾರ ಅದಕ್ಕಿಂತ ಹಿಂದಿನ ಭಾಗ. ರೇಡಿಯೊದವನು ಉದ್ದ ಮಾಡಿದ ತಾಳವನ್ನು ನಾನೇ ರೆಕಾರ್ಡಿನಿಂದ ತುಂಡು ತುಂಡಾಗಿ ಜೋಡಿಸಿ ಕಳೆಯಲು ನೋಡಿದೆ. ನಲವತ್ತೊಂದು ಪ್ರಯತ್ನ. ಅವನ ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತೆಂದು ಊಹಿಸಲಾಗುವುದಿಲ್ಲ. ಯಂತ್ರದ್ದಾದರೆ ಗೊತ್ತಾಗುತ್ತಿತ್ತು, ಅದು ಮನುಷ್ಯನ ಕೈ. ಅಂಚಿನಲ್ಲಿ ಎರಡು ಪದ ಮಾತ್ರ ಬಿಡಿಸಿಕೊಂಡು ಬಂದವು. ಇಪ್ಪತ್ತಾರನೆಯ ನಿಮಿಷ ಹದಿನಾಲ್ಕನೆಯ ಸೆಕೆಂಡಿನಲ್ಲಿ: "ಇವಳನ್ನು". ಆಮೇಲೆ ಹನ್ನೊಂದು ಸೆಕೆಂಡು, ಇಪ್ಪತ್ತಮೂರು ಪೆಟ್ಟು, ಏನೂ ಇಲ್ಲ. ಆಮೇಲೆ: "ಬೇಡ".

ಇವಳು ಎಂದರೆ ನಾನು. ಮಡಿಲಲ್ಲಿ ಇದ್ದವಳು ನಾನೊಬ್ಬಳೇ.

ಅಪ್ಪನ ಪಟ್ಟಿಯಲ್ಲಿ ಏಳು ಸಾಲುಗಳಿದ್ದವು. ಮೊದಲ ನಾಲ್ಕು ನನ್ನ ವಿಷಯವಲ್ಲ. ಉಳಿದ ಮೂರರಲ್ಲಿ ಯಾವುದನ್ನು ಅವಳು ಬೇಡವೆಂದಳು? ಇವಳನ್ನು ನಿಮ್ಮವರ ಕೈಗೆ ಬಿಡುವುದು ಬೇಡ ಎಂದಿರಬಹುದು. ಇವಳನ್ನು ಈ ಊರು ಬಿಡಿಸುವುದು ಬೇಡ ಎಂದೂ ಇರಬಹುದು. ಹಾಗಿದ್ದರೆ ಅಪ್ಪ ಅವಳಿಗೆ ಕೊಟ್ಟ ಒಂದೇ ಒಂದು ಮಾತನ್ನು ಮುರಿದದ್ದರ ಗುರುತು ನಾನೇ; ಇಲ್ಲಿನ ಶಾಲೆ, ಇಲ್ಲಿನ ಭಾಷೆ, ನಾನು ಕನಸು ಕಾಣುವ ಸ್ವೀಡಿಷ್, ಎಲ್ಲವೂ.

ಏಪ್ರಿಲ್ ೯, ಭಾನುವಾರ, ಅಂಕಲ್ ವೆಸ್ಟೆರಾಸ್‌ಗೆ ಬಂದರು. ಬರುವೆನೆಂದು ಫೋನು ಮಾಡಿದ್ದು ಅವರೇ. ಬಾಗಿಲಲ್ಲಿ ಶೂ ಬಿಚ್ಚುತ್ತಾ, ಬಗ್ಗಿದವರು ಬಗ್ಗಿಯೇ ಅಂದರು: "ಗುರು, ನಂಗೆ ಅವತ್ತೇ ಗೊತ್ತಿತ್ತು. ಕೊನೆ ಭಾಗ ನಾನೇ ಬೇಕಂತ ಅಳಿಸಿದ್ದು."

ಲೇಸು ಗಂಟು ಬಿದ್ದಿತ್ತು. ಅಪ್ಪ ನೆಲಕ್ಕೆ ಕೂತು ಗಂಟು ಬಿಡಿಸಿದರು.

"ಇಪ್ಪತ್ತು ವರ್ಷ ಒಬ್ಬಟ್ಟು ತಂದದ್ದು ಇದಕ್ಕಾ?"

"ಹೂಂ ಕಣೋ."

"ಒಳ್ಳೇದಿರ್ತಿತ್ತು," ಅಂದರು ಅಪ್ಪ. "ಬೆಲ್ಲ ಸ್ವಲ್ಪ ಕಮ್ಮಿ."

ನಾವು ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಕೇಳಿದೆವು. ಮೊದಲು ಹಲ್ಲು, ಬಸ್ಸು, ಸೀರೆ. ಆಮೇಲೆ ಆ ತಾಳ. ಅಪ್ಪ 'ಇವಳನ್ನು' ಎಂಬಲ್ಲಿ ನನ್ನ ಕಡೆ ನೋಡಿದರು, 'ಬೇಡ' ಎಂಬಲ್ಲಿ ನೋಡಲಿಲ್ಲ. ಇನ್ನೊಮ್ಮೆ ಹಾಕೆಂದರು. ಹದಿನಾಲ್ಕು ಸಲ ಹಾಕಿದೆ. ಕೊನೆಕೊನೆಗೆ ಅಂಕಲ್ ಅರಿವಿಲ್ಲದೆ ಮೇಜಿನ ಮೇಲೆ ಬೆರಳಿನಿಂದ ಆ ಇಪ್ಪತ್ತಮೂರು ಪೆಟ್ಟು ಬಡಿಯತೊಡಗಿದರು, ಗೊತ್ತಾದೊಡನೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ನಿನ್ನನ್ನು ಇಲ್ಲಿಗೆ ತರಬಾರದಿತ್ತಾ ಏನೋ," ಅಂದರು ಅಪ್ಪ. ನನ್ನನ್ನಲ್ಲ, ಟೇಪನ್ನು ಕೇಳಿದ ಹಾಗೆ.

ಅದಾದ ಮೇಲೆ ಎರಡು ಚಳಿಗಾಲ ಕಳೆದಿವೆ. ಪ್ರಯತ್ನಗಳ ಎಣಿಕೆ ಇನ್ನೂರ ಆರು. ಪದಗಳ ಎಣಿಕೆ ಬದಲಾಗಿಲ್ಲ. ಅಪ್ಪ ಊರಿನಿಂದ ಫೋನು ಬಂದಾಗಲೆಲ್ಲ, ವಾಪಸು ಹೋಗೂದಾ, ಎಂತ ಹೇಳ್ತಿ, ಎಂದು ನನ್ನನ್ನು ಕೇಳುತ್ತಾರೆ. ಸರಿಯಾದ ಉತ್ತರ ಇಪ್ಪತ್ತಮೂರು ಪೆಟ್ಟುಗಳ ಅಡಿಯಲ್ಲಿದೆ ಎಂದು ಇಬ್ಬರಿಗೂ ಗೊತ್ತಿರುವುದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಬರೆ ಎಂದವರು ಅವರೇ. "ಗಲ್ಫಲ್ಲಿ ಆವಾಗ ನಮ್ಮವರು ಎಷ್ಟು ಜನ ಇರ್ಲಿಲ್ಲ? ಅದನ್ನ ಟೇಪಿಗೆ ಹಿಡಿದ ಇನ್ನೊಬ್ಬ ಹುಚ್ಚ ಇದ್ದೇ ಇರ್ತಾನೆ."

ಆದ್ದರಿಂದ ವಿವರ ಕೊಡುತ್ತೇನೆ. ಊರಿನ ಮನೆಯಲ್ಲಿ ಉಳಿದಿದ್ದ ಅಪ್ಪನ ಮೊದಲ ಉತ್ತರದ ಮೇಲಿನ ತಾರೀಖಿನಿಂದ ಹಿಂದಕ್ಕೆ ಎಣಿಸಿದರೆ ಆ ಕಾರ್ಯಕ್ರಮ ಬಂದದ್ದು ೧೯೮೬ ಜನವರಿ ೨೩, ಗುರುವಾರ, ಸಂಜೆಯ ನಮಾಜಿನ ಹೊತ್ತಿಗೆ. ದಮ್ಮಾಮ್‌ನ ಸುತ್ತಮುತ್ತ ಕೇಳುತ್ತಿದ್ದ ಇಂಗ್ಲಿಷ್ ಎಫ್‌ಎಮ್‌ನಲ್ಲಿ. ಒಟ್ಟು ಇಪ್ಪತ್ತೊಂದು ನಿಮಿಷ, ಮೂರು ಹಾಡು, ಒಂದೇ ತಂಡದವು. ಕೊನೆಯ ಹಾಡಿನ ತಾಳವನ್ನು ಯಾರೋ ಎರಡು ರೆಕಾರ್ಡು ಇಟ್ಟು ಕೈಯಲ್ಲಿ ಉದ್ದ ಮಾಡಿದ್ದಾರೆ. ನಿಮ್ಮ ಅಟ್ಟದಲ್ಲಿ, ನಿಮ್ಮ ಅಣ್ಣನ ಟ್ರಂಕಿನಲ್ಲಿ, ಲೇಬಲ್ ಉದುರಿದ ಯಾವುದಾದರೂ ಕ್ಯಾಸೆಟ್ಟಿನಲ್ಲಿ ಅದು ಇರಬಹುದು. ಹಾಡು ಪೂರ್ತಿ ಬೇಡ, ಆ ತಾಳದ ಭಾಗ ಸಾಕು. ಎಷ್ಟೇ ಹಾಳಾಗಿದ್ದರೂ ಸರಿ. ಅಥವಾ ಅವತ್ತು ಆ ರೇಡಿಯೊದಲ್ಲಿ ಕೂತಿದ್ದವರು ಯಾರೆಂದು ನಿಮಗೆ ಗೊತ್ತಿದ್ದರೂ, ದಯವಿಟ್ಟು ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಒಂದು ಸಾಲು ಬರೆಯಿರಿ. ಟೇಪನ್ನು ಕಳಿಸುವ ಮೊದಲು ಅದರ ಮೇಲೆ ಏನನ್ನೂ ತುಂಬಬೇಡಿ, ಖಾಲಿ ಎಂದು ಕಂಡರೂ.